ಕಿವಿಗೆ ಕಲಿಸುವಾಗ ಗೆಲ್ಲುವ ಆ್ಯಪ್: ದೀರ್ಘಕಾಲದ ಬಳಕೆಯ ನಂತರ ಒಂದು ವಿಮರ್ಶೆ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಪಾರಿಭಾಷಿಕ ಪದಗಳನ್ನೂ ಐತಿಹಾಸಿಕ ಶೈಲಿಗಳನ್ನೂ ಕಲಿಸುವ ಈ ಆ್ಯಪ್ ಅನ್ನು ಕೆಲವು ವರ್ಷಗಳಿಂದ ಬಳಸುತ್ತಾ ಬಂದಿದ್ದೇನೆ. ಮೊದಲ ವಾರದ ಉತ್ಸಾಹದಲ್ಲಿ ಬರೆದ ವಿಮರ್ಶೆಗಳು ಬೇಕಾದಷ್ಟು ಸಿಗುತ್ತವೆ. ಅವೆಲ್ಲ ಹೊಗಳುವುದು ಪದಗಳ ಕಾರ್ಡುಗಳನ್ನು. ನನ್ನ ಅನುಭವದಲ್ಲಿ ಇಡೀ ಆ್ಯಪ್‌ನಲ್ಲಿ ಸಪ್ಪೆಯಾದ ಭಾಗವೇ ಅದು. ಕಟ್ಟಿದ ಚಂದಾ ಸಾರ್ಥಕವಾಗುವುದು ಆಲಿಸಿ ಗುರುತಿಸುವ ವಿಭಾಗದಲ್ಲಿ.

ಕಾರ್ಡುಗಳಿಂದ ಉಪಯೋಗವಿಲ್ಲ ಎಂದಲ್ಲ. ವೇಗ ಸೂಚಿಸುವ ಲಾರ್ಗೊ, ಅಲೆಗ್ರೊ, ಪ್ರೆಸ್ಟೊ, ನುಡಿಸುವ ಬಗೆ ಸೂಚಿಸುವ ಲೆಗಾಟೊ, ಸ್ಟಕಾಟೊ ಇವೆಲ್ಲ ಬೇಗ ಬಾಯಿಪಾಠವಾಗುತ್ತವೆ. ಮರೆತ ಪದ ಮತ್ತೆ ಮತ್ತೆ ಎದುರಾಗುತ್ತದೆ, ಗಟ್ಟಿಯಾದದ್ದು ಅಪರೂಪಕ್ಕೊಮ್ಮೆ ಬಂದು ಹೋಗುತ್ತದೆ. ಪರೀಕ್ಷೆಗೆ ಓದುವವರಿಗೆ ಇಷ್ಟು ಸಾಕಾಗಬಹುದು. ಆದರೆ ಡಿಸೆಪ್ಟಿವ್ ಕೇಡೆನ್ಸ್ (ಮುಗಿಯಿತು ಎನಿಸಿ ಕಿವಿಯನ್ನು ಏಮಾರಿಸುವ ಸಾಲಿನ ಕೊನೆ) ಎಂದರೆ ಐದನೆಯ ಸ್ವರಮೇಳದಿಂದ (ಕಾರ್ಡ್, ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಆರನೆಯದಕ್ಕೆ ಹೋಗುವುದು ಎಂದು ಉರು ಹೊಡೆದವರಿಗೆ, ಅದು ಸಂಗೀತದಲ್ಲಿ ಬಂದಾಗ ಗುರುತೇ ಸಿಗುವುದಿಲ್ಲ. ಅದೇ ಪದವನ್ನು ಆಲಿಸುವ ವಿಭಾಗದಲ್ಲಿ ತೆರೆದು ನೋಡಿ. ಸಿ ಮೇಜರ್‌ನಲ್ಲಿ ಒಂದು ಪುಟ್ಟ ಸಾಲು ಕೇಳಿಸುತ್ತದೆ. ಜಿ ಮೇಳ ಬಂದ ಮೇಲೆ ಇನ್ನೇನು ಮನೆಯಾದ ಸಿ ಮೇಳ ಸೇರಿತು ಎಂದು ಕಿವಿ ಕಾಯುತ್ತಿರುತ್ತದೆ. ಮೇಲಿನ ರಾಗಸಾಲು ತಪ್ಪದೆ ಸಿ ಸ್ವರಕ್ಕೇ ಬಂದು ನಿಲ್ಲುತ್ತದೆ. ಕೆಳಗಿನ ಬೇಸ್ (ಅತಿ ತಗ್ಗಿನ ಸ್ವರಸಾಲು) ಮಾತ್ರ ಜಿ ಬಿಟ್ಟು ಒಂದೇ ಹೆಜ್ಜೆ ಮೇಲೇರಿ ಎ ಸ್ವರಕ್ಕೆ ಹೋಗಿ ಕುಳಿತುಬಿಡುತ್ತದೆ. ಮೇಲಿನ ಸಿ ಸ್ವರ ಕಿವಿ ಕಾದಿದ್ದ ಸಿ ಮೇಳಕ್ಕೂ ನಿಜಕ್ಕೂ ಬಂದ ಎ ಮೈನರ್ ಮೇಳಕ್ಕೂ ಸೇರಿದ್ದಾದ್ದರಿಂದ, ಎಲ್ಲ ಬದಲಾದದ್ದು ತಳದಲ್ಲಿ. ಬೇಸನ್ನು ಮಾತ್ರ ಕೇಳಿಸುವ ಒಂದು ಗುಂಡಿಯೂ ಅಲ್ಲಿದೆ. ಅದನ್ನು ಒತ್ತಿ ಕೇಳಿದ ಮೇಲೆ ವ್ಯಾಖ್ಯೆಯ ನೆನಪೇ ಬೇಕಾಗುವುದಿಲ್ಲ.

ಟ್ರಿಲ್ ಪಾಠವೂ ಹಾಗೆಯೇ ಚೆನ್ನಾಗಿದೆ. ಅಕ್ಕಪಕ್ಕದ ಎರಡು ಸ್ವರಗಳನ್ನು ವೇಗವಾಗಿ ಒಂದಾದ ಮೇಲೊಂದು ನುಡಿಸುವುದು ಎಂದು ಕಾರ್ಡು ಹೇಳಿ ಸುಮ್ಮನಾಗುತ್ತದೆ. ಯಾವ ಸ್ವರದಿಂದ ಆರಂಭಿಸಬೇಕು? ಬರೋಕ್ (ಸುಮಾರು 1600–1750ರ) ಸಂಗೀತದಲ್ಲಿ ಸಾಮಾನ್ಯವಾಗಿ ಮೇಲಿನ ಸ್ವರದಿಂದ; ಆ ಕ್ಷಣದ ಘರ್ಷಣೆಯೇ ಅದರ ಸೊಗಸು. 19ನೇ ಶತಮಾನದಲ್ಲಿ ಮೂಲ ಸ್ವರದಿಂದಲೇ ಆರಂಭಿಸುವ ರೂಢಿ ಬಲವಾಯಿತು. ಪಿಯಾನೊ ವಾದಕ, ಸಂಗೀತ ರಚನಕಾರ ಹುಮ್ಮೆಲ್ 1828ರ ತನ್ನ ಪಿಯಾನೊ ಬೋಧನ ಗ್ರಂಥದಲ್ಲಿ ಅದನ್ನೇ ಸಲಹೆ ಮಾಡಿದ್ದಾನೆ. ಆ್ಯಪ್ ಒಂದೇ ಸಾಲನ್ನು ಎರಡೂ ಬಗೆಯಲ್ಲಿ ನುಡಿಸಿ ತೋರಿಸುತ್ತದೆ. ಬರೆಯುವ ಚಿಹ್ನೆ ಒಂದೇ, ಕಾಲ ಬದಲಾದರೆ ಕೇಳುವುದು ಬೇರೆ.

ಶೈಲಿ ಗುರುತಿಸುವ ರಸಪ್ರಶ್ನೆ ಮೊದಮೊದಲು ನನಗೆ ಬೇಸರ ತರಿಸಿತ್ತು. ಪಿಯಾನೊಗಿಂತ ಹಿಂದಿನ ಕೀಲಿಮಣೆ ವಾದ್ಯ ಹಾರ್ಪ್ಸಿಕಾರ್ಡ್ ಕೇಳಿಸಿದರೆ ಬರೋಕ್, ಭಾರಿ ವಾದ್ಯವೃಂದ ಮೊಳಗಿದರೆ 19ನೇ ಶತಮಾನದ ರೊಮ್ಯಾಂಟಿಕ್. ಇದು ವಾದ್ಯದ ಪರೀಕ್ಷೆಯೇ ಹೊರತು ಶೈಲಿಯದಲ್ಲ. ನಂತರದ ಆವೃತ್ತಿಯಲ್ಲಿ ಎಲ್ಲವನ್ನೂ ಪಿಯಾನೊದಲ್ಲೇ ನುಡಿಸುವ ಕಠಿಣ ಹಂತ ಬಂತು. ಇಷ್ಟು ದಿನ ಇದನ್ನು ಬಳಸುತ್ತಿರಲು ಅದೇ ದೊಡ್ಡ ಕಾರಣ. ವಾದ್ಯದ ಸುಳಿವು ಇಲ್ಲವಾದಾಗ ರಚನೆಗೇ ಕಿವಿಗೊಡಬೇಕು. ಒಂದು ಸಣ್ಣ ಸ್ವರಗುಚ್ಛವನ್ನು ಹಿಡಿದು ಉಸಿರು ಬಿಡದೆ ಹೆಣೆಯುತ್ತಾ ಹೋಗುತ್ತಿದೆಯೇ, ಬೇಸ್ ನಿಲ್ಲದೆ ನಡೆಯುತ್ತಿದೆಯೇ? ಬರೋಕ್ ಇರಬಹುದು. ನಾಲ್ಕು ಅಳತೆಗಳ (ಮೆಷರ್, ಲಯದ ಘಟಕ) ಪ್ರಶ್ನೆ, ನಾಲ್ಕು ಅಳತೆಗಳ ಉತ್ತರ, ಎಡಗೈಯಲ್ಲಿ ಒಡೆದ ಸ್ವರಮೇಳಗಳ ಆಲ್ಬೆರ್ಟಿ ಬೇಸ್? ಹೈಡನ್, ಮೊಜಾರ್ಟರ ಕ್ಲಾಸಿಕಲ್ ಕಾಲಕ್ಕೆ ಬಂದಿದ್ದೀರಿ. ಈ ಎರಡೂ ಕಾಲಗಳ ಗುರುತು ಇರುವ ಡೊಮೆನಿಕೊ ಸ್ಕಾರ್ಲಾಟಿಯ ರಚನೆ ಕೇಳಿಸಿದಾಗ ಮಾತ್ರ ನನಗೆ ಈಗಲೂ ಒಂದೆರಡು ಬಾರಿ ಕೇಳಬೇಕೆನಿಸುತ್ತದೆ, ಮತ್ತು ಆ ತಡವರಿಕೆ ನನಗೆ ಇಷ್ಟ.

ಅಲ್ಲೇ ಒಂದು ತಕರಾರೂ ಇದೆ. 1600ರಿಂದ 1750 ಬರೋಕ್, ಅಲ್ಲಿಂದಾಚೆಗೆ ಕ್ಲಾಸಿಕಲ್ ಎಂದು ಆ್ಯಪ್ ಗೆರೆ ಎಳೆದುಬಿಡುತ್ತದೆ. 1750 ಯೋಹಾನ್ ಸೆಬಾಸ್ಟಿಯನ್ ಬಾಖ್ ತೀರಿಕೊಂಡ ವರ್ಷ, ನೆನಪಿಡಲು ಅನುಕೂಲ, ಅಷ್ಟೇ. ಆತ 1740ರ ದಶಕದಲ್ಲಿ ಫ್ಯೂಗ್‌ಗಳಲ್ಲಿ (ಒಂದೇ ಸ್ವರಗುಚ್ಛವನ್ನು ಹಲವು ದನಿಗಳು ಸರದಿಯಲ್ಲಿ ಹೆಣೆಯುವ ರಚನೆಗಳಲ್ಲಿ) ಮುಳುಗಿದ್ದಾಗಲೇ ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ ಯೋಹಾನ್ ಸ್ಟಾಮಿಟ್ಸ್ ಹೊಸ ಬಗೆಯ ಸಿಂಫನಿಗಳನ್ನು ಬರೆಯುತ್ತಿದ್ದ. ಬಾಖ್‌ನ ಮಗ ಕಾರ್ಲ್ ಫಿಲಿಪ್ ಎಮಾನ್ಯುಯೆಲ್ (1714–1788) ಎರಡು ಖಾನೆಗಳಿಗೂ ಪೂರ್ತಿ ಒಗ್ಗುವುದಿಲ್ಲ. ಅವನಿಗೆ ಒಂದೇ ಉತ್ತರ ಸರಿ ಎಂದು ಅಂಕ ಕಳೆಯುವುದು ಅನ್ಯಾಯ. ಅಲೆಗ್ರೊ ಪದಕ್ಕೆ ನಿಮಿಷಕ್ಕಿಷ್ಟು ಬಡಿತ ಎಂದು ಖಚಿತ ಸಂಖ್ಯೆ ಕೊಟ್ಟಿರುವುದೂ ಇದೇ ಜಾತಿಯ ದೋಷ. ಮೆಲ್ಟ್ಸೆಲ್ ಎಂಬಾತ ನಿಮಿಷದ ಬಡಿತ ಎಣಿಸಿ ಕೊಡುವ ಮೆಟ್ರೊನೋಮ್ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1815ರಲ್ಲಿ. ಬೆಥೋವೆನ್ ತನ್ನ ಅದುವರೆಗಿನ ಸಿಂಫನಿಗಳಿಗೆ ಆ ಸಂಖ್ಯೆಗಳನ್ನು ಪ್ರಕಟಿಸಿದ್ದು 1817ರಲ್ಲಿ. ಅದಕ್ಕೂ ಹಿಂದಿನವರ ಅಲೆಗ್ರೊವನ್ನು ಗಡಿಯಾರಕ್ಕೆ ಕಟ್ಟಿಹಾಕಬಾರದು.

ಮಧ್ಯಯುಗ ಮತ್ತು ನವೋದಯದ ಪಾಠವಂತೂ ನಿರಾಸೆ. 9ನೇ ಶತಮಾನದ ಆರ್ಗನಂನಿಂದ (ಗಾಯನಕ್ಕೆ ಇನ್ನೊಂದು ದನಿ ಸೇರಿಸುವ ಪದ್ಧತಿ) 1594ರಲ್ಲಿ ತೀರಿಕೊಂಡ ರಚನಕಾರ ಪಾಲೆಸ್ಟ್ರೀನಾವರೆಗೆ ಏಳು ಶತಮಾನಗಳನ್ನು ಒಂದೇ ಪಾಠಕ್ಕೆ ತುರುಕಿದ್ದಾರೆ. ಮಧ್ಯಯುಗದ ರಚನಕಾರರಾದ ಹಿಲ್ಡೆಗಾರ್ಡ್‌ಗೆ ಒಂದು ಸಾಲು, ಪೆರೊಟಿನ್‌ಗೆ ಇನ್ನೊಂದು. ಒಂಟಿ ದನಿಯ ಗಾಯನಕ್ಕೆ ಎರಡನೆಯ ದನಿ ಸೇರಿಕೊಂಡ ಆ ಘಟ್ಟವನ್ನು ಇನ್ನಷ್ಟು ನಿಧಾನವಾಗಿ ಕೇಳಿಸಬೇಕಿತ್ತು. ಮುಂದೆ ಬಂದ ಕೌಂಟರ್‌ಪಾಯಿಂಟ್ (ಹಲವು ಸ್ವತಂತ್ರ ರಾಗಸಾಲುಗಳನ್ನು ಒಟ್ಟಿಗೆ ಹೆಣೆಯುವುದು), ಫ್ಯೂಗ್ ಎಲ್ಲದರ ಬೇರು ಅಲ್ಲಿದೆ.

ಉಚಿತ ಆವೃತ್ತಿಯಲ್ಲಿ ಸಿಗುವುದು ಕಾರ್ಡುಗಳು ಮತ್ತು ಆಲಿಸುವ ವಿಭಾಗದ ಮೊದಲ ಪಾಠ ಮಾತ್ರ. ಚಂದಾ ಕಟ್ಟುವ ಮುನ್ನ ಆ ಪಾಠವನ್ನು ಪೂರ್ತಿ ಕೇಳಿ ನೋಡಿ, ಆದರೆ ಹೆಡ್‌ಫೋನ್ ಹಾಕಿಕೊಂಡು. ಫೋನಿನ ಸಣ್ಣ ಸ್ಪೀಕರ್‌ನಲ್ಲಿ ಬೇಸ್ ಸರಿಯಾಗಿ ಕೇಳಿಸುವುದಿಲ್ಲ, ಬೇಸ್ ಕೇಳಿಸದಿದ್ದರೆ ಕೇಡೆನ್ಸ್ ಪಾಠಗಳಿಂದ ಏನೂ ಸಿಗುವುದಿಲ್ಲ.