ಪುದೀನಕ್ಕೆ ಮಣ್ಣಿನ ಕುಂಡವೋ, ಗ್ರೋ ಬ್ಯಾಗೋ: ಕಲಬುರಗಿಯ ಮಾಳಿಗೆಯಲ್ಲಿ ಎರಡು ಬೇಸಿಗೆ

ಕಲಬುರಗಿಯಲ್ಲಿದ್ದು ಮನೆಯಲ್ಲೇ ಪುದೀನ, ಕೊತ್ತಂಬರಿ ಬೆಳೆಯಲು ಹೊಸದಾಗಿ ಹೊರಟವರು ಮಣ್ಣಿನ ಕುಂಡವನ್ನೇ ಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಗಿಡ ಬೆಳೆಸಲೆಂದೇ ಮಾರುವ ಪ್ಲಾಸ್ಟಿಕ್ ಚೀಲಗಳಾದ ಗ್ರೋ ಬ್ಯಾಗುಗಳಿಗೆ ದುಡ್ಡು ಸುರಿದು, ಒಂದು ಬೇಸಿಗೆಯ ಪುದೀನವನ್ನೆಲ್ಲ ಕಳೆದುಕೊಂಡ ಮೇಲೆ ಈ ಮಾತನ್ನು ಬರೆಯುತ್ತಿದ್ದೇನೆ.

ಕಳೆದ ವರ್ಷ ಸಂಕ್ರಾಂತಿ ಮುಗಿದ ವಾರ ಆರು ಕಪ್ಪು ಗ್ರೋ ಬ್ಯಾಗುಗಳನ್ನೂ, ಅವುಗಳಿಗೆಂದೇ ಮಾರುವ, ತೆಂಗಿನ ನಾರಿನ ಪುಡಿಯೇ ಹೆಚ್ಚಾಗಿದ್ದ ಸಿದ್ಧ ಮಿಶ್ರಣವನ್ನೂ ಆನ್‌ಲೈನ್‌ನಲ್ಲಿ ತರಿಸಿದೆ. ಎರಡೂ ಸೇರಿ 700 ರೂಪಾಯಿ ಆಯಿತು. ಮಾಳಿಗೆಗೆ ಹೊತ್ತೊಯ್ಯಲು ಹಗುರ ಎಂಬುದೇ ಮುಖ್ಯ ಕಾರಣವಾಗಿತ್ತು. ಸಂತೆಯಿಂದ ತಂದ ಪುದೀನದ ಸಿವುಡಿನಲ್ಲಿ ದಪ್ಪನೆಯ ಕಡ್ಡಿಗಳನ್ನು ಆರಿಸಿ, ಕೆಳಗಿನ ಎಲೆ ಬಿಡಿಸಿ, ಲೋಟದ ನೀರಿನಲ್ಲಿ ನಿಲ್ಲಿಸಿದ್ದೆ. ಹತ್ತು ದಿನಗಳೊಳಗೆ ಬಿಳಿಯ ಬೇರುಗಳು ಮೂಡಿದವು, ಚೀಲಗಳಿಗೆ ನಾಟಿದೆ. ಮಾರ್ಚ್ ನಡುವಿನವರೆಗೆ ವಾರಕ್ಕೊಮ್ಮೆ ತಹರಿ ಅನ್ನಕ್ಕೆ ಸಾಕಾಗುವಷ್ಟು ಎಲೆ ಸಿಗುತ್ತಿತ್ತು.

ಆಮೇಲೆ ಶುರುವಾದ ತೊಂದರೆಯನ್ನು ಅರ್ಥ ಮಾಡಿಕೊಳ್ಳಲು ನನಗೆ ಮೂರು ವಾರ ಹಿಡಿಯಿತು. ಬೆಳಿಗ್ಗೆ ಒಂದೊಂದು ಚೀಲಕ್ಕೆ ಒಂದೊಂದು ತಂಬಿಗೆ ನೀರು ಹಾಕುತ್ತಿದ್ದೆ. ಕ್ಷಣದಲ್ಲೇ ಕೆಳಗಿನ ತೂತುಗಳಿಂದ ನೀರು ಹರಿದು ಪರಸಿ ಕಲ್ಲಿನ ಮೇಲೆ ಹರಡುತ್ತಿತ್ತು. ನೀರು ಹೊರಗೆ ಬಂದಿದೆಯೆಂದರೆ ಗಿಡಕ್ಕೆ ಸಾಕಾಗಿದೆ ಎಂದೇ ಭಾವಿಸಿದ್ದೆ. ಆದರೂ ಹನ್ನೊಂದು ಗಂಟೆಯ ಹೊತ್ತಿಗೆ ಎಲೆಗಳು ಜೋತು ಬೀಳುತ್ತಿದ್ದವು. ಹುಳ ಬಿದ್ದಿದೆಯೆಂದು ಬೇವಿನ ಎಣ್ಣೆ ಸಿಂಪಡಿಸಿದೆ, ನೀರು ಹೆಚ್ಚಾಗಿ ಬೇರು ಕೊಳೆತಿರಬಹುದೆಂದು ಎರಡು ದಿನ ನೀರನ್ನೇ ಬಿಟ್ಟೆ. ಅದರಿಂದ ಎರಡು ಚೀಲಗಳ ಗಿಡ ಪೂರ್ತಿ ಒಣಗಿತು.

ಕೊನೆಗೊಂದು ದಿನ, ನೀರು ಹಾಕಿದ ಹತ್ತೇ ನಿಮಿಷಕ್ಕೆ, ಚಮಚದಿಂದ ಚೀಲದ ನಡುವೆ ಅಗೆದು ನೋಡಿದೆ. ಮೇಲಿನ ಅರ್ಧ ಬೆರಳಿನಷ್ಟು ಮಾತ್ರ ಒದ್ದೆಯಾಗಿತ್ತು. ಅದರ ಕೆಳಗೆ ಒಣ ನಾರು ಬೂದಿಯಂತೆ ಉದುರಿತು. ತೆಂಗಿನ ನಾರಿನ ಪುಡಿ ಒಮ್ಮೆ ಪೂರ್ತಿ ಒಣಗಿತೆಂದರೆ ನೀರನ್ನು ಬೇಗ ಹೀರಿಕೊಳ್ಳುವುದಿಲ್ಲ. ಒಣಗಿ ಕುಗ್ಗಿದ್ದರಿಂದ ಅದಕ್ಕೂ ಚೀಲದ ಗೋಡೆಗೂ ನಡುವೆ ಸಂದು ಬಿದ್ದಿತ್ತು, ಹಾಕಿದ ನೀರೆಲ್ಲ ಆ ಸಂದಿನಲ್ಲೇ ಇಳಿದು ಹೋಗುತ್ತಿತ್ತು. ಅಗಲವಾದ ಟಬ್ಬಿನಲ್ಲಿ ನೀರು ತುಂಬಿ ಚೀಲವನ್ನು ಅರ್ಧ ಗಂಟೆ ನಿಲ್ಲಿಸಿದರೆ ಅದು ಮತ್ತೆ ನೆನೆಯುತ್ತದೆ, ನಿಜ. ಆದರೆ ವಾರಕ್ಕೆರಡು ಸಲ ನೆನೆದ ಚೀಲಗಳನ್ನು ಎತ್ತಿ ಇಳಿಸುವುದರಲ್ಲಿ ಒಂದರ ಹಿಡಿಕೆಯ ಹೊಲಿಗೆಯೇ ಕಿತ್ತು ಬಂತು.

ತಪ್ಪು ಮಿಶ್ರಣದ್ದೇ ಹೊರತು ಚೀಲದ್ದಲ್ಲ ಎನ್ನಬಹುದು. ನನಗೂ ಹಾಗೆನಿಸಿ, ಈ ವರ್ಷ ಉಳಿದ ಒಂದು ಚೀಲಕ್ಕೂ ನಾಲ್ಕು ಮಣ್ಣಿನ ಕುಂಡಗಳಿಗೂ ಒಂದೇ ಮಣ್ಣು ತುಂಬಿದೆ: ಎರಡು ಪಾಲು ಮಸಾರಿ (ಕೆಂಪು) ಮಣ್ಣು, ಒಂದು ಪಾಲು ಹಳೆಯ ತಿಪ್ಪೆಗೊಬ್ಬರ, ಒಂದು ಪಾಲು ಮರಳು. ನಮ್ಮ ಎರೆ (ಕಪ್ಪು) ಮಣ್ಣು ಎಷ್ಟೇ ಫಲವತ್ತಾಗಿದ್ದರೂ ಕುಂಡಕ್ಕೆ ಅದೊಂದನ್ನೇ ತುಂಬಬಾರದು. ಒದ್ದೆಯಾದಾಗ ಅಂಟಾಗಿ ನೀರು ಬಸಿಯಗೊಡುವುದಿಲ್ಲ, ಒಣಗಿದಾಗ ಬಿರಿಯುತ್ತದೆ. ಚೀಲದಲ್ಲಿ ಸಂದಿನ ತೊಂದರೆ ಕಡಿಮೆಯಾಯಿತು, ಆದರೆ ಜರುಗಿಸಿದಾಗಲೆಲ್ಲ ಮೆತ್ತನೆಯ ಗೋಡೆ ಮಡಚಿ ಮಣ್ಣು ಬಿಟ್ಟುಕೊಳ್ಳುತ್ತಿತ್ತು. ಬಿಸಿಲು 40 ಡಿಗ್ರಿ ದಾಟಿದ ಏಪ್ರಿಲ್‌ನ ಒಂದು ಮಧ್ಯಾಹ್ನ ಎರಡರ ಮಣ್ಣಿನಲ್ಲೂ, ಅಂಚಿನ ಬಳಿ, ಬೆರಳು ಊರಿ ನೋಡಿದೆ. ಚೀಲದಲ್ಲಿ ಬೆರಳು ಇಟ್ಟುಕೊಳ್ಳಲಾಗದಷ್ಟು ಕಾವಿತ್ತು. ಕುಂಡದಲ್ಲಿ ಮಣ್ಣು ಉಗುರುಬೆಚ್ಚಗಿತ್ತು. ಗಡಿಗೆಯ ನೀರು ತಂಪಾಗುವ ಕಾರಣವೇ ಇಲ್ಲಿಯೂ ಇದೆ: ಸುಟ್ಟ ಮಣ್ಣಿನ ಸಣ್ಣ ರಂಧ್ರಗಳಿಂದ ತೇವ ಆವಿಯಾಗುತ್ತ ಒಳಗಿನ ಕಾವನ್ನು ಒಯ್ಯುತ್ತದೆ. ಕಪ್ಪು ಪ್ಲಾಸ್ಟಿಕ್ಕು ಬಿಸಿಲನ್ನು ಹೀರಿ ಬೇರಿಗೇ ಮುಟ್ಟಿಸುತ್ತದೆ.

ಕುಂಡಕ್ಕೂ ಅದರದೇ ಕೆಲಸವಿದೆ. ಆವಿಯಾಗುವ ನೀರನ್ನು ನಾವೇ ತುಂಬಿಕೊಡಬೇಕಾದ್ದರಿಂದ ಏಪ್ರಿಲ್, ಮೇ ತಿಂಗಳಲ್ಲಿ ಎರಡು ಹೊತ್ತು ನೀರು ಬೇಕು. ಬೋರ್‌ವೆಲ್‌ನ ಗಡಸು ನೀರಿನಿಂದ ಹೊರಗೋಡೆಗೆ ಬಿಳಿ ಉಪ್ಪು ಕಟ್ಟುತ್ತದೆ, ತೆಂಗಿನ ನಾರಿನಿಂದ ಉಜ್ಜಿದರೆ ಹೋಗುತ್ತದೆ. ಭಾರವಂತೂ ಹೌದು. ಹತ್ತು ಇಂಚಿನ ಕುಂಡಕ್ಕೆ 90 ರೂಪಾಯಿ ಕೊಟ್ಟೆ. ಮಾರಿದ ಕುಂಬಾರಗಿತ್ತಿ, “ಅಕ್ಕಾರ, ಒಂದ್ ರಾತ್ರಿ ನೀರಾಗ ಮುಳುಗಿಸಿ ಇಡ್ರಿ, ಆಮ್ಯಾಲ ಮಣ್ಣ ತುಂಬ್ರಿ” ಎಂದಿದ್ದಳು. ಹೊಸ ಕುಂಡ ಮೊದಲ ನೀರನ್ನೆಲ್ಲ ತಾನೇ ಕುಡಿಯುವುದರಿಂದ ಆ ಮಾತು ಬಹಳ ಉಪಯೋಗಕ್ಕೆ ಬಂತು.

ಗೋಡೆಗೆ ಬಳಿಯುವ ಬಣ್ಣದ ಖಾಲಿ ಬಕೀಟನ್ನೂ ತೂತು ಕೊರೆದು ನೋಡಿದೆ. ಪುಕ್ಕಟೆ ಎಂಬುದನ್ನು ಬಿಟ್ಟರೆ ಬೇರೆ ಗುಣ ಕಾಣಲಿಲ್ಲ.

ಕೊತ್ತಂಬರಿಗೆ ಮಾತ್ರ ಯಾವುದರಲ್ಲಿ ಬಿತ್ತಿದರೂ ಯುಗಾದಿಯ ನಂತರ ಪ್ರಯೋಜನವಿಲ್ಲ, ಸೆಕೆಗೆ ಬೇಗ ಹೂವಿಗೆ ಹೋಗುತ್ತದೆ. ಅಡುಗೆಮನೆಯ ಹವೀಜವನ್ನೇ (ಕೊತ್ತಂಬರಿ ಬೀಜ) ಅಂಗೈಯಿಂದ ತಿಕ್ಕಿ ಎರಡು ಹೋಳು ಮಾಡಿ ದಸರೆಯ ಹೊತ್ತಿಗೆ ಬಿತ್ತಿದರೆ ಚಳಿಗಾಲದಲ್ಲಿ ಕೊಯ್ಯಬಹುದು.

ಬಾಡಿಗೆ ಮನೆಯಲ್ಲಿದ್ದು ಆಗಾಗ ಸಾಮಾನು ಸಾಗಿಸುವವರಿಗೆ ಚೀಲ ಅನುಕೂಲವಾಗಬಹುದು. ಅಂಥವರು ಅದನ್ನು ನೆರಳಿನಲ್ಲಿಟ್ಟು, ಒಳಗೆ ನಿಜವಾದ ಮಣ್ಣು ತುಂಬಲಿ. ನಾನು ಸ್ವಂತ ಮನೆಯಲ್ಲಿದ್ದೇನೆ, ಬೆಳಿಗ್ಗೆ ಶಾಲೆಗೆ ಹೊರಡುವ ಮುನ್ನ ಮತ್ತು ಸಂಜೆ ಬಂದ ಕೂಡಲೇ ಮಾಳಿಗೆಗೆ ಹೋಗುವ ರೂಢಿ ನನಗಿದೆ, ಪ್ರತಿ ವರ್ಷ ಹರಿಯುವ ಚೀಲಕ್ಕೆ ದುಡ್ಡು ಹಾಕಲು ಮನಸ್ಸಿಲ್ಲ. ನಾಲ್ಕು ಕುಂಡಗಳ ಪುದೀನವೂ ಈ ಮೇ ತಿಂಗಳನ್ನು ದಾಟಿತು. ದಸರೆಗೆ ಮುಂಚೆ ಇನ್ನೆರಡು ಕುಂಡ ತರುವವಳಿದ್ದೇನೆ: ಒಂದು ಕೊತ್ತಂಬರಿಗೆ, ಇನ್ನೊಂದು ದೊಡ್ಡಪತ್ರೆಗೆ.