ಟ್ಯೂಷನ್, ರಿಸೋರ್ಸ್ ರೂಮ್, ರೆಮಿಡಿಯಲ್ ಟೀಚರ್, ಸರ್ಟಿಫಿಕೇಟ್: ಎಲ್ಲದರ ಬಾಗಿಲು ತಟ್ಟಿದ ಮೇಲೆ

ನನ್ನ ಮಗ ಮೂರನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಡಬ್ಬಿ ತೊಳೆಯೋಣ ಅಂತ ಅವನ ಬ್ಯಾಗ್ ತೆಗೆದೆ. ಇಂಗ್ಲಿಷ್ ನೋಟ್‌ಬುಕ್ ತೆರೆದುಕೊಂಡಿತ್ತು. ಬೋರ್ಡ್ ನೋಡಿ ಬರೆದುಕೊಂಡ ಪಾಠ. ಮೊದಲ ಸಾಲು ಪೂರ್ತಿ, ಎರಡನೇ ಸಾಲು ಅರ್ಧ, ಮೂರನೆಯದರಲ್ಲಿ ಎರಡೇ ಅಕ್ಷರ. ಅಲ್ಲಿಂದ ಪುಟದ ತುದಿವರೆಗೆ ಒಂದು ಲೋಕಲ್ ಟ್ರೇನಿನ ಚಿತ್ರ. ಹನ್ನೆರಡು ಡಬ್ಬಿ, ಮೇಲೆ ಕರೆಂಟ್ ತಂತಿಗೆ ತಾಗುವ ಪ್ಯಾಂಟೋಗ್ರಾಫ್ ಸಮೇತ. ಕೆಳಗೆ ಟೀಚರ್ ಕೆಂಪು ಶಾಯಿಯಲ್ಲಿ ‘ಇನ್‌ಕಂಪ್ಲೀಟ್’ ಅಂತ ಬರೆದಿದ್ದರು.

ಹನ್ನೆರಡು ಡಬ್ಬಿ ಎಣಿಸಿ ಬಿಡಿಸಿದವನಿಗೆ ಮೂರು ಸಾಲು ಬರೆಯಲು ಆಗುವುದಿಲ್ಲವೇ? ಸೋಮಾರಿ ಅಂತಲೇ ನಾವೂ ತೀರ್ಮಾನಿಸಿದೆವು. ನಾವಿರುವುದು ಮುಂಬೈನ ಮುಲುಂಡಿನಲ್ಲಿ, ಮಗ ಓದುವುದು ಮಹಾರಾಷ್ಟ್ರ ರಾಜ್ಯದ ಎಸ್‌ಎಸ್‌ಸಿ ಬೋರ್ಡಿನ ಇಂಗ್ಲಿಷ್ ಮೀಡಿಯಂ ಸ್ಕೂಲಿನಲ್ಲಿ. ಮನೆಯಲ್ಲಿ ಕುಂದಾಪುರದ ಕನ್ನಡ, ಸ್ಕೂಲಿನಲ್ಲಿ ಇಂಗ್ಲಿಷ್, ಹಿಂದಿ, ಮರಾಠಿ. ನಾಲ್ಕು ಭಾಷೆಯಲ್ಲಿ ಮಾತಿಗೆ ಕೊರತೆಯಿಲ್ಲ. ಓದಲು ಕೊಟ್ಟರೆ ಮಾತ್ರ ಹೊಟ್ಟೆನೋವು ಬರುತ್ತಿತ್ತು.

ಇವನಿಗೆ ಓದು ಯಾಕೆ ಬರುತ್ತಿಲ್ಲ, ಏನು ಮಾಡಬೇಕು ಅಂತ ಆಮೇಲಿನ ನಾಲ್ಕು ವರ್ಷ ಒಂದೊಂದೇ ದಾರಿ ಹಿಡಿದು ನೋಡಿದೆವು. ಶುರುವಿನಲ್ಲೇ ಗೊತ್ತಿದ್ದರೆ ಒಂದು ವರ್ಷ ಉಳಿಯುತ್ತಿತ್ತು ಅನ್ನುವ ವಿಷಯವೊಂದಿದೆ. ಓದು ಕಲಿಯುವುದು ಬೇರೆ, ಗಮನ ನಿಲ್ಲುವುದು ಬೇರೆ, ಪರೀಕ್ಷೆಯ ರಿಯಾಯಿತಿಗೆ ಬೇಕಾದ ಕಾಗದ ಬೇರೆ. ಒಂದಕ್ಕೆ ಹೋಗಿ ಇನ್ನೊಂದನ್ನು ಕೇಳುತ್ತಾ ಕೂತಿದ್ದೆವು ನಾವು.

ಮೊದಲು ಹೋಗಿದ್ದು ಎಲ್ಲರೂ ಹೋಗುವ ಕಡೆಗೇ, ಬಿಲ್ಡಿಂಗಿನ ಕೆಳಗಿನ ಟ್ಯೂಷನ್‌ಗೆ. ತಿಂಗಳಿಗೆ 1,200 ರೂಪಾಯಿ, ದಿನಾ ಎರಡು ಗಂಟೆ, ಹದಿನಾಲ್ಕು ಮಕ್ಕಳು. ಅಲ್ಲಿ ನಡೆಯುವುದು ಸ್ಕೂಲಿನ ಪಾಠವೇ, ಇನ್ನೊಂದು ಸಲ, ಇನ್ನೂ ಜೋರಾಗಿ. ಇವನು ಪ್ರಶ್ನೋತ್ತರ ಬಾಯಿಪಾಠ ಮಾಡಿದ. ಓರಲ್‌ನಲ್ಲಿ ಫುಲ್ ಮಾರ್ಕ್ಸ್, ಬರೆಯುವ ಪೇಪರಿನಲ್ಲಿ ಏಳೋ ಎಂಟೋ. ಓದಲು ಬಾರದ ಮಗುವಿಗೆ ಟ್ಯೂಷನ್ ಹಾಕಿದರೆ ಅದು ಓದದೆಯೇ ಬಚಾವಾಗುವ ಉಪಾಯ ಕಲಿಯುತ್ತದೆ ಅಷ್ಟೇ. ಇದರ ಬಗ್ಗೆ ಇನ್ನು ಜಾಸ್ತಿ ಹೇಳುವುದಿಲ್ಲ.

ನಾಲ್ಕನೇ ಕ್ಲಾಸಿನಲ್ಲಿ ಒಂದು ಪ್ರೈವೇಟ್ ಕ್ಲಿನಿಕ್‌ಗೆ ಹೋದೆವು. ಎರಡು ದಿನ ಪರೀಕ್ಷೆ, ಹತ್ತು ದಿನದಲ್ಲಿ ರಿಪೋರ್ಟ್, ಖರ್ಚು 16,000 ರೂಪಾಯಿ. ಬುದ್ಧಿಮಟ್ಟ ಚೆನ್ನಾಗಿಯೇ ಇದೆ, ಡಿಸ್ಲೆಕ್ಸಿಯಾ, ಅಂದರೆ ಬುದ್ಧಿಯಿದ್ದೂ ಓದು ಕೈಹಿಡಿಯದ ತೊಂದರೆ, ಜೊತೆಗೆ ಎಡಿಎಚ್‌ಡಿ, ಅಂದರೆ ಗಮನದ ತೊಂದರೆ, ಅದರಲ್ಲೂ ಕುಣಿದಾಡುವ ಬಗೆಯದಲ್ಲ, ಗಮನ ಜಾರುವ ಬಗೆಯದು ಅಂತ ಬರೆದಿದ್ದರು. ಅತ್ತೆ ಕೇಳಿಸಿಕೊಂಡು, “ಇದಕ್ಕೆಲ್ಲ ಹೆಸರು ಬೇರೆ ಇಟ್ಟಿದ್ದಾರಾ? ಇವನ ಅಪ್ಪನೂ ಹೀಗೇ ಇದ್ದ” ಅಂದರು. ನಮ್ಮವರು ಪೇಪರ್ ಮಡಚಿ ಬಾಲ್ಕನಿಗೆ ಹೋದರು.

ಆ ರಿಪೋರ್ಟನ್ನು ಪ್ಲಾಸ್ಟಿಕ್ ಫೋಲ್ಡರ್‌ನಲ್ಲಿ ಹಾಕಿಕೊಂಡು ಸ್ಕೂಲಿಗೆ ಹೋದೆ. ಆಫೀಸಿನಲ್ಲಿ ಒಂದೇ ಮಾತು: ಇದು ಬೋರ್ಡಿಗೆ ನಡೆಯುವುದಿಲ್ಲ, ಸರ್ಕಾರಿ ಆಸ್ಪತ್ರೆಯ ಸರ್ಟಿಫಿಕೇಟ್ ಬೇಕು. 16,000 ಕೊಟ್ಟ ಮೇಲೆ ಗೊತ್ತಾದ ಮಾತು ಇದು.

ಮುಂಬೈನಲ್ಲಿ ಸಯಾನ್, ನಾಯರ್‌ನಂಥ ಪಾಲಿಕೆಯ ದೊಡ್ಡ ಆಸ್ಪತ್ರೆಗಳಲ್ಲಿ ಈ ‘ಎಲ್‌ಡಿ’ (ಕಲಿಕಾ ತೊಂದರೆ) ಪರೀಕ್ಷೆ ನಡೆಯುತ್ತದೆ. ನಾವು ಯಾವ ಸರ್ಕಾರಿ ಆಸ್ಪತ್ರೆಗೆ ಹೋದೆವು ಅನ್ನುವುದು ಇಲ್ಲಿ ಬೇಡ. ಕೇಸ್ ಪೇಪರ್ ಸಾಲಿನಿಂದ ಶುರು. ಮೊದಲು ಕಣ್ಣು, ಕಿವಿ. ಅದು ಸರಿಯೇ, ಕಣ್ಣು ಕಾಣದೆ ಓದದಿದ್ದರೆ ಅದು ಬೇರೆ ಕಥೆ ಅಲ್ವಾ. ಆಮೇಲೆ ಮಕ್ಕಳ ಡಾಕ್ಟರ್, ಐಕ್ಯೂ ಟೆಸ್ಟ್, ಓದು ಬರಹ ಲೆಕ್ಕದ ಟೆಸ್ಟ್, ಕೊನೆಗೆ ಮಾನಸಿಕ ವಿಭಾಗ. ಆರು ಸಲ ಹೋದೆವು, ಐದು ತಿಂಗಳು ಹಿಡಿಯಿತು. ನಡುವೆ ಒಮ್ಮೆ ಫೈಲೇ ಸಿಗಲಿಲ್ಲ. ಕಿಟಕಿಯ ಆಚೆಯಿಂದ “ಪುಢಚ್ಯಾ ಮಂಗಳವಾರೀ ಯಾ” ಅಂತ ಬಂತು. ಮುಂದಿನ ಮಂಗಳವಾರ ಮತ್ತೆ ರಜೆ, ಮತ್ತೆ ಸಾಲು. ಆಸ್ಪತ್ರೆಗೆ ಕಟ್ಟಿದ ಹಣಕ್ಕಿಂತ ವಡಾಪಾವಿಗೆ ಕೊಟ್ಟಿದ್ದು ಜಾಸ್ತಿ.

ಆದರೂ ಒಂದು ಮಾತು ಹೇಳಬೇಕು. ಮಗನ ಓದನ್ನು ನಿಜವಾಗಿ ನೋಡಿದ್ದು ಆ ಆಸ್ಪತ್ರೆಯ ಸ್ಪೆಷಲ್ ಎಜುಕೇಟರ್. ಪ್ರೈವೇಟ್ ಕ್ಲಿನಿಕ್‌ನಲ್ಲಿ ಇಂಗ್ಲಿಷ್ ಮಾತ್ರ ಓದಿಸಿದ್ದರು. ಇವರು ಹಿಂದಿ ಓದಿಸಿದರು, ಮರಾಠಿ ಓದಿಸಿದರು, ಮನೆಯಲ್ಲಿ ಯಾವ ಭಾಷೆ ಅಂತ ಕೇಳಿದರು. ನಾನು ಕನ್ನಡ ಅಂದೆ, ಬೇಸಿಗೆ ರಜೆಯಲ್ಲಿ ಅಜ್ಜಿ ಅಕ್ಷರ ಕಲಿಸಿದ್ದಾರೆ ಅಂದೆ. ಅವರು ಪೇಪರಿನಲ್ಲಿ ದೇವನಾಗರಿಯ ‘ಕಿ’ ಬರೆದು ತೋರಿಸಿದರು. ಬಾಯಲ್ಲಿ ಮೊದಲು ‘ಕ’ ಬರುತ್ತದೆ, ಆಮೇಲೆ ‘ಇ’. ಆದರೆ ಬರೆಯುವಾಗ ‘ಇ’ ಮಾತ್ರೆ, ಅಂದರೆ ಸ್ವರದ ಗುರುತು, ‘ಕ’ಕ್ಕಿಂತ ಮೊದಲೇ ನಿಲ್ಲುತ್ತದೆ, ಎಡಗಡೆ. ಎಡದಿಂದ ಬಲಕ್ಕೆ ಒಂದೊಂದೇ ಗುರುತು ಬಿಡಿಸುವ ಮಗು ಅಲ್ಲೇ ಎಡವುತ್ತದೆ. ನಮ್ಮ ಕನ್ನಡದಲ್ಲಿ ಆ ತೊಂದರೆಯಿಲ್ಲ, ಗುಡಿಸು ಅಕ್ಷರದ ತಲೆಯ ಮೇಲೇ ಕೂರುತ್ತದೆ. ಅಜ್ಜಿ ಹತ್ತಿರ ಇವನು ಅಳದೆ ಕಲಿತದ್ದು ಯಾಕೆ ಅಂತ ಅವತ್ತು ಅರ್ಧ ಅರ್ಥವಾಯಿತು. ಇನ್ನರ್ಧ ಅಜ್ಜಿ ಕೊಡುತ್ತಿದ್ದ ಚಕ್ಕುಲಿ. (ಒತ್ತಕ್ಷರ ಬಂದ ಕೂಡಲೇ ಅಲ್ಲೂ ನಿಂತುಹೋದ, ಅದು ಬೇರೆ ಮಾತು.)

ಕಾಗದ ಕೈಗೆ ಬಂದ ಮೇಲೆ ಏನು ಸಿಕ್ಕಿತು? 2016ರ ಅಂಗವಿಕಲರ ಹಕ್ಕುಗಳ ಕಾನೂನಿನಲ್ಲಿ 21 ಬಗೆಯ ತೊಂದರೆಗಳ ಪಟ್ಟಿಯಿದೆ. ನಿರ್ದಿಷ್ಟ ಕಲಿಕಾ ತೊಂದರೆ, ಅಂದರೆ ನಾವು ಎಲ್‌ಡಿ ಅನ್ನುವುದು, ಅದರಲ್ಲಿದೆ. ಎಡಿಎಚ್‌ಡಿಗೆ ಅಲ್ಲಿ ಪ್ರತ್ಯೇಕ ಜಾಗವಿಲ್ಲ. ನಮ್ಮ ಮಗನಿಗೆ ಎರಡೂ ಇದ್ದುದರಿಂದ ಎಲ್‌ಡಿ ಬಾಗಿಲಿನಿಂದ ಒಳಗೆ ಹೋದ. ಬರೀ ಗಮನದ ತೊಂದರೆ ಇರುವ ಮಗುವಿನ ಅಪ್ಪ ಅಮ್ಮನಿಗೆ ದಾರಿ ಇನ್ನೂ ಕಷ್ಟ. ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚು ಸಮಯ, ಬೇಕಾದರೆ ಇವನು ಹೇಳಿದ್ದನ್ನು ಬರೆದುಕೊಡುವ ರೈಟರ್, ಸ್ಪೆಲ್ಲಿಂಗ್ ತಪ್ಪಿಗೆ ಮಾರ್ಕ್ಸ್ ಕಡಿತವಿಲ್ಲ. ಮುಂದೆ ಹತ್ತನೇ ಕ್ಲಾಸಿನಲ್ಲಿ ಗಣಿತದ ಬದಲು ಕೆಳಗಿನ ತರಗತಿಯ ಲೆಕ್ಕ ತೆಗೆದುಕೊಳ್ಳುವ ಅವಕಾಶವೂ ಇದೆ. ಇದನ್ನು ಮಾತ್ರ ನಾನು ಮುಟ್ಟುವುದಿಲ್ಲ. ಇವನಿಗೆ ಲೆಕ್ಕ ಬರುತ್ತದೆ, ಬಾರದಿರುವುದು ಲೆಕ್ಕದ ಪ್ರಶ್ನೆ ಓದುವುದು. ಗಣಿತ ಬಿಟ್ಟರೆ ಆಮೇಲೆ ಸೈನ್ಸ್ ಬಾಗಿಲೂ ಮುಚ್ಚಿದ ಹಾಗೆ.

ಓದು? ಸರ್ಟಿಫಿಕೇಟ್ ಬಂದ ದಿನವೂ ಅಷ್ಟೇ, ಮಾರನೇ ದಿನವೂ ಅಷ್ಟೇ.

ಸ್ಕೂಲಿನಲ್ಲಿ ಒಂದು ರಿಸೋರ್ಸ್ ರೂಮ್ ಇತ್ತು, ಇಂಥ ಮಕ್ಕಳನ್ನು ಕ್ಲಾಸಿನಿಂದ ಕರೆದು ಬೇರೆಯಾಗಿ ಕಲಿಸುವ ಕೋಣೆ. ವಾರಕ್ಕೆ ಎರಡು ಸಲ, 35 ನಿಮಿಷ. ಕೇಳಿದಾಗ ಖುಷಿಯಾಗಿತ್ತು. ಎರಡು ತಿಂಗಳ ಮೇಲೆ ಮಗ ಹೇಳಿದ, “ಅಮ್ಮಾ, ನನ್ನನ್ನು ಪಿಟಿ ಪೀರಿಯಡ್‌ನಲ್ಲೇ ಕರೀತಾರೆ.” ಮೇನ್ ಸಬ್ಜೆಕ್ಟ್ ತಪ್ಪಬಾರದಲ್ಲ, ಅದಕ್ಕೆ. ಕೂತಲ್ಲೇ ಗಮನ ಜಾರುವ ಮಗುವಿನಿಂದ ಓಡುವ ಪೀರಿಯಡ್ಡನ್ನೇ ಕಿತ್ತುಕೊಂಡು ವರ್ಕ್‌ಶೀಟ್ ಕೊಡುತ್ತಿದ್ದರು! ಎರಡನೇ ಕ್ಲಾಸಿನಿಂದ ಎಂಟನೇ ಕ್ಲಾಸಿನವರೆಗಿನ ಹತ್ತೊಂಬತ್ತು ಮಕ್ಕಳಿಗೆ ಒಬ್ಬರೇ ಟೀಚರ್. ಪಾಪ, ಅವರಾದರೂ ಏನು ಕಲಿಸಿಯಾರು.

ಆದರೆ ಅವರಿಂದ ಇನ್ನೊಂದು ಉಪಕಾರವಾಯಿತು. ಅವರು ಸ್ಕೂಲಿನ ಒಳಗೇ ಇರುವವರು. ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಾ ಕ್ಲಾಸ್ ಟೀಚರ್‌ಗೆ ಎರಡು ಮಾತು ಹೇಳಬಲ್ಲವರು. ಪ್ರಶ್ನೆಪತ್ರಿಕೆ ದೊಡ್ಡ ಅಕ್ಷರದಲ್ಲಿ ಬಂದಿದ್ದು, ಯೂನಿಟ್ ಟೆಸ್ಟನ್ನು ಅವರ ರೂಮಿನಲ್ಲಿ ಕೂತು ಬರೆಯಲು ಬಿಟ್ಟಿದ್ದು ಅವರಿಂದಲೇ. ಕಲಿಸುವ ಜಾಗ ಅಂತ ನೋಡಿದರೆ ರಿಸೋರ್ಸ್ ರೂಮ್‌ಗೆ ನಾನು ಕಡಿಮೆ ಮಾರ್ಕ್ಸ್ ಕೊಡುತ್ತೇನೆ. ನಮ್ಮ ಪರವಾಗಿ ಮಾತಾಡುವ ಜನ ಅಂತ ನೋಡಿದರೆ ಒಳ್ಳೆಯ ಮಾರ್ಕ್ಸ್.

ಓದು ಬಂದಿದ್ದು ರೆಮಿಡಿಯಲ್ ಟೀಚರ್‌ನಿಂದ, ಅಂದರೆ ಇಂಥ ಮಕ್ಕಳಿಗೆ ಒಬ್ಬೊಬ್ಬರಿಗೇ ಬುಡದಿಂದ ಓದು ಕಲಿಸುವವರಿಂದ. ಘಾಟ್ಕೋಪರ್‌ನಲ್ಲಿ ಅವರ ಮನೆಗೇ ಹೋಗಬೇಕು, ವಾರಕ್ಕೆ ಮೂರು ದಿನ, 45 ನಿಮಿಷ, ಒಂದು ಸಲಕ್ಕೆ 600 ರೂಪಾಯಿ. ತಿಂಗಳಿಗೆ ಏಳು ಸಾವಿರ ದಾಟುತ್ತದೆ, ಜೊತೆಗೆ ಟ್ರೇನ್ ಪಾಸ್. ಆ ವರ್ಷ ಊರಿಗೆ ಹೋಗಲಿಲ್ಲ.

ಮೊದಲ ದಿನ ನಾನು ಒಳಗೇ ಕೂತಿದ್ದೆ. ಪುಸ್ತಕ ತೆಗೆಯಲೇ ಇಲ್ಲ ಅವರು. ಸ್ಟೀಲ್ ತಟ್ಟೆಯಲ್ಲಿ ರವೆ ಹರಡಿದರು. ಇಂಗ್ಲಿಷಿನ ಬಿ ಮತ್ತು ಡಿ ಇವನಿಗೆ ಅದಲು ಬದಲಾಗುತ್ತಿತ್ತು. ಬಾಯಲ್ಲಿ ಸದ್ದು ಹೇಳುತ್ತಾ ರವೆಯಲ್ಲಿ ಬೆರಳಿಂದ ಬರೆ ಅಂದರು. ತಟ್ಟೆ ಅಲ್ಲಾಡಿಸು, ಮತ್ತೆ ಬರೆ. ಆಮೇಲೆ ಒಂದು ಪದ ಹೇಳಿ ಅದರಲ್ಲಿ ಎಷ್ಟು ಸದ್ದಿದೆ ಅಂತ ಹೆಬ್ಬೆರಳಿಗೆ ಒಂದೊಂದೇ ಬೆರಳು ತಾಗಿಸಿ ಎಣಿಸಲು ಹೇಳಿದರು. ಇವನು ಮೊದಲ ಅಕ್ಷರ ನೋಡಿ ಇಡೀ ಪದ ಊಹಿಸುತ್ತಿದ್ದ, ‘ಹಾರ್ಸ್’ ಇದ್ದರೆ ‘ಹೌಸ್’ ಅನ್ನುತ್ತಿದ್ದ. ಊಹಿಸುವ ಆ ಚಟ ಬಿಡಿಸಲು ಒಂದು ರಟ್ಟಿನಲ್ಲಿ ಸಣ್ಣ ಕಿಟಕಿ ಕತ್ತರಿಸಿ, ಒಂದು ಸಲಕ್ಕೆ ಒಂದೇ ಸಾಲು ಕಾಣುವಂತೆ ಸರಿಸಿದರು. ಹನ್ನೆರಡು ನಿಮಿಷಕ್ಕೆ ಟೈಮರ್ ಹೊಡೆಯುತ್ತದೆ, ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದು ಬರಬೇಕು. ಗಮನ ಜಾರುವ ಮೊದಲೇ ಅವರೇ ಎಬ್ಬಿಸುತ್ತಿದ್ದರು. ಇವನ ಕ್ಲಾಸಿನ ಪಾಠಕ್ಕೆ ಅವರು ಬರಲೇ ಇಲ್ಲ, ಯುಕೆಜಿಯಿಂದ ಶುರು ಮಾಡಿದರು. ನಮ್ಮವರಿಗೆ ಇದು ಅವಮಾನ ಅನ್ನಿಸಿತ್ತು.

ನಾಲ್ಕು ತಿಂಗಳಾಗಿರಬೇಕು. ಮುಲುಂಡ್‌ನಿಂದ ಸ್ಲೋ ಲೋಕಲ್‌ನಲ್ಲಿ ಹೋಗುತ್ತಿದ್ದೆವು. ನಾಹೂರ್, ಭಾಂಡುಪ್, ಕಾಂಜೂರ್‌ಮಾರ್ಗ್ ದಾಟಿತು. ಟ್ರೇನು ವಿಕ್ರೋಳಿಯಲ್ಲಿ ನಿಂತಿತು. ಇವನು ಬೋರ್ಡ್ ನೋಡಿ, “ಅಮ್ಮಾ, ಇಲ್ಲಿ ಎರಡು ಥರ ಬರೆದಿದ್ದಾರೆ. ಒಂದರಲ್ಲಿ ಳ, ಒಂದರಲ್ಲಿ ಲ” ಅಂದ. ಮರಾಠಿಗೊಂದು, ಹಿಂದಿಗೊಂದು. ವರ್ಷಗಟ್ಟಲೆ ಅದೇ ಲೈನಿನಲ್ಲಿ ಓಡಾಡಿದ್ದೇನೆ, ನನಗೆ ಕಂಡಿರಲಿಲ್ಲ. ಎಡಗಡೆ ಮಾತ್ರೆ ನಿಂತ ಆ ‘ವಿ’ಯನ್ನೂ ಅವನು ಎಡವದೆ ದಾಟಿದ್ದ.

ಇನ್ನು ನುಂಗುವ ಮಾತ್ರೆಯ ವಿಷಯ. ಐದನೇ ಕ್ಲಾಸಿನಲ್ಲಿ ಮಕ್ಕಳ ಸೈಕಿಯಾಟ್ರಿಸ್ಟ್ ಎಡಿಎಚ್‌ಡಿಗೆ ಕೊಡುವ ಮಿಥೈಲ್‌ಫೆನಿಡೇಟ್ ಬರೆದರು. ಅದಕ್ಕೂ ಮೊದಲು ನಮ್ಮಿಂದ ಒಂದು ಫಾರ್ಮ್, ಕ್ಲಾಸ್ ಟೀಚರ್‌ನಿಂದ ಒಂದು ಫಾರ್ಮ್ ತುಂಬಿಸಿಕೊಂಡರು. ಮನೆಯಲ್ಲಿ, ಸ್ಕೂಲಿನಲ್ಲಿ ಎರಡೂ ಕಡೆ ತೊಂದರೆ ಇದ್ದರೆ ಮಾತ್ರ ಎಡಿಎಚ್‌ಡಿ ಅನ್ನುವುದು. ಮಾತ್ರೆ ಶುರುವಾದ ವಾರವೇ ಬೋರ್ಡಿನ ಕಾಪಿ ಪೂರ್ತಿಯಾಗಿ ಬಂತು. ಊಟದ ಡಬ್ಬಿಯೂ ಪೂರ್ತಿಯಾಗಿಯೇ ವಾಪಸ್ ಬಂತು, ಹಸಿವೇ ಇಲ್ಲ. ಈಗ ಬೆಳಗ್ಗೆ ನಾಲ್ಕು ಇಡ್ಲಿ ತಿಂದ ಮೇಲೆ ಮಾತ್ರೆ, ರಾತ್ರಿ ಗಡದ್ದಾಗಿ ಊಟ. ಡಾಕ್ಟರ್ ಪ್ರತಿ ಸಲ ತೂಕ, ಎತ್ತರ ನೋಡುತ್ತಾರೆ. ಮಾತ್ರೆ ಅವನನ್ನು ಕೂರಿಸಿತು. ಕೂತವನಿಗೆ ಓದಿಸುವವರು ಬೇರೆಯೇ ಬೇಕು. ಇದು ನಮ್ಮ ಮಗನ ಕಥೆ, ನಿಮ್ಮ ಮಗುವಿಗೆ ಬೇಕೋ ಬೇಡವೋ ನಿಮ್ಮ ಡಾಕ್ಟರ್ ಹೇಳಲಿ.

ಕ್ಲಾಸಿನಲ್ಲಿ ಮಗುವಿನ ಪಕ್ಕದಲ್ಲೇ ಕೂತು ನೋಡಿಕೊಳ್ಳುವ ಶ್ಯಾಡೋ ಟೀಚರ್ ಬಗ್ಗೆ ವಿಚಾರಿಸಿದ್ದೆ, ಸಂಬಳ ಕೇಳಿ ಸುಮ್ನಾದೆ. ಎನ್‌ಐಒಎಸ್, ಅಂದರೆ ಸ್ಕೂಲಿಗೆ ಹೋಗದೆ ಪರೀಕ್ಷೆ ಬರೆಯುವ ಕೇಂದ್ರದ ಮುಕ್ತ ಶಾಲೆ, ಅದರ ಬಗ್ಗೆ ಮದುವೆ ಮನೆಗಳಲ್ಲಿ ಎಲ್ಲರೂ ಸಲಹೆ ಕೊಡುತ್ತಾರೆ. ಹತ್ತನೇ ಕ್ಲಾಸಿಗೆ ಐದೇ ವಿಷಯ, ವರ್ಷಕ್ಕೆ ಎರಡು ಸಲ ಪರೀಕ್ಷೆ, ಐದು ವರ್ಷದಲ್ಲಿ ಒಂಬತ್ತು ಅವಕಾಶ, ಬೇಕಾದರೆ ಕನ್ನಡವನ್ನೇ ಒಂದು ವಿಷಯವಾಗಿ ತೆಗೆದುಕೊಳ್ಳಬಹುದು. ಕೆಟ್ಟದ್ದೇನಲ್ಲ. ಆದರೆ 14 ತುಂಬಬೇಕು, ಮತ್ತೆ ಇವನಿಗೆ ಸ್ಕೂಲಿನ ಗೆಳೆಯರು ಬೇಕು. ನಾವು ಆ ಕಡೆ ಹೋಗಿಲ್ಲ.

ಪಕ್ಕದ ವಿಂಗ್‌ನ ಹುಬ್ಬಳ್ಳಿಯ ಹುಡುಗಿಯೊಬ್ಬಳು ಮೊನ್ನೆ ಮಗಳ ನೋಟ್‌ಬುಕ್ ಹಿಡಿದು ಬಂದಳು. “ಅಕ್ಕಾ, ಮೊದಲು ಏನ್ ಮಾಡ್ಲಿ?” ಅಂದಳು. ಕಣ್ಣು ಕಿವಿ ತೋರಿಸಿ ಸರ್ಕಾರಿ ಆಸ್ಪತ್ರೆಯಲ್ಲಿ ಇವತ್ತೇ ಹೆಸರು ಬರೆಸು, ಅಲ್ಲಿ ಮಂಗಳವಾರಗಳು ಕಳೆಯುತ್ತಿರಲಿ ಅಂದೆ. ಪ್ರೈವೇಟ್ ರಿಪೋರ್ಟಿನ ದುಡ್ಡನ್ನು ಎರಡು ತಿಂಗಳ ರೆಮಿಡಿಯಲ್‌ಗೆ ಇಟ್ಟುಕೋ ಅಂದೆ. ಎಂಟು ವರ್ಷ ತುಂಬುವ ಮೊದಲು ಸರ್ಟಿಫಿಕೇಟ್ ಕೊಡುವುದಿಲ್ಲ, ಆದರೆ ರವೆ ತಟ್ಟೆಗೆ ಯಾವ ವಯಸ್ಸೂ ಕಾಯಬೇಕಾಗಿಲ್ಲ. ಟ್ಯೂಷನ್ ಬಿಡಿಸು ಅಂತಲೂ ಹೇಳಿದೆ. ಟ್ಯೂಷನ್ ಟೀಚರ್ ಅವಳ ಗೆಳತಿಯಂತೆ, ಮುಖ ಸಣ್ಣದಾಯಿತು.

ಕ್ಲಾಸ್ ಟೀಚರ್‌ಗೆ ಬರೆದ ಪತ್ರದ ಬಗ್ಗೆಯೂ ಹೇಳಿದೆ. ನಾನು ಎರಡು ಪತ್ರ ಬರೆದಿದ್ದೆ. ಮೊದಲನೆಯದರಲ್ಲಿ 2016ರ ಕಾನೂನಿನ 16ನೇ ಸೆಕ್ಷನ್ ಹಾಕಿ, ಸ್ಕೂಲಿನ ಕರ್ತವ್ಯ ಏನು ಅಂತ ನಾಲ್ಕು ಪುಟ. ಕಾನೂನು ನನ್ನ ಕಡೆಗೇ ಇತ್ತು. ಮೀಟಿಂಗ್‌ನಲ್ಲಿ ಎಲ್ಲರೂ ಬಿಗಿದ ಮುಖದಲ್ಲಿ ಕೂತು, ‘ನೋಡೋಣ’ ಅಂದರು. ಮುಂದಿನ ವರ್ಷ ಹೊಸ ಕ್ಲಾಸ್ ಟೀಚರ್‌ಗೆ ಒಂದೇ ಪುಟ ಬರೆದೆ. ಮುಂದಿನ ಬೆಂಚು, ಕಿಟಕಿಯಿಂದ ದೂರ. ಒಂದು ಸಲಕ್ಕೆ ಒಂದೇ ಸೂಚನೆ. ಎಲ್ಲರೆದುರು ಜೋರಾಗಿ ಓದಿಸಬೇಡಿ. ಪಿಟಿ ತಪ್ಪಿಸಬೇಡಿ. ಜೊತೆಗೆ ಆ ಲೋಕಲ್ ಟ್ರೇನಿನ ಪುಟದ ಫೋಟೋ ಅಂಟಿಸಿದೆ. ಅವರು ಅದನ್ನು ನೋಡುತ್ತಾ ಸುಮಾರು ಹೊತ್ತು ಕೂತರು. “ಪ್ಯಾಂಟೋಗ್ರಾಫ್ ಕೂಡ ಸರಿಯಾಗಿದೆ” ಅಂದರು. ಅವರ ಯಜಮಾನರು ರೈಲ್ವೆಯಲ್ಲಂತೆ. ಆ ವರ್ಷ ಇವನಿಗೆ ಹೊಸ ಕೆಲಸ ಸಿಕ್ಕಿತು. ಪ್ರತಿ ಎರಡು ಪೀರಿಯಡ್‌ಗೆ ಒಮ್ಮೆ ಸ್ಟಾಫ್ ರೂಮಿಗೆ ಹೋಗಿ ಚಾಕ್ ತರುವುದು. ಕ್ಲಾಸಿನಲ್ಲಿ ಅಷ್ಟು ಚಾಕ್ ಯಾರಿಗೂ ಬೇಕಿರಲಿಲ್ಲ.

ಈಗ ಏಳನೇ ಕ್ಲಾಸ್. ಇನ್ನೊಂದು ವರ್ಷಕ್ಕೆ 14 ತುಂಬುತ್ತದೆ. 2018ರ ಕೇಂದ್ರದ ಮಾರ್ಗಸೂಚಿಯಲ್ಲಿ ಆಗ ಪರೀಕ್ಷೆ ಮತ್ತೆ ಮಾಡಿಸಬೇಕು, 18ಕ್ಕೆ ಇನ್ನೊಮ್ಮೆ ಅಂತ ಇತ್ತು; 2024ರಲ್ಲಿ ಅದರ ಜಾಗಕ್ಕೆ ಹೊಸದು ಬಂತು. ಹಳೆಯದರಲ್ಲಿ ಬಳಸಲು ಹೇಳಿದ್ದು ನಮ್ಮ ಬೆಂಗಳೂರಿನ ನಿಮ್ಹಾನ್ಸ್ ತಯಾರಿಸಿದ ಟೆಸ್ಟ್. ಹಳೇ ಕೇಸ್ ಪೇಪರ್, ಕಣ್ಣಿನ ರಿಪೋರ್ಟ್, ಕಿವಿಯ ರಿಪೋರ್ಟ್, ಎಲ್ಲದರ ಎರಡೆರಡು ಜೆರಾಕ್ಸ್ ಮಾಡಿಸಿ ಗೋದ್ರೆಜ್ ಕಪಾಟಿನಲ್ಲಿ ಇಟ್ಟಿದ್ದೇನೆ. ಈ ಸಲ ಅವರು ಫೈಲ್ ಕಳೆದರೂ ಒಂದು ಪ್ರತಿ ನನ್ನ ಹತ್ತಿರವೇ ಇರುತ್ತದೆ.