ಬಿಟ್ ಸುಟ್ಟಾಗ ಬಿಟ್ಟನ್ನೇ ಬೈಯುವವರಿಗೆ ಸ್ಟೇನ್‌ಲೆಸ್ ಕೆಲಸ ಕೊಡಬೇಡಿ

ಸ್ಟೇನ್‌ಲೆಸ್ ಸ್ಟೀಲ್ ಪ್ಲೇಟಿಗೆ ಹೊರಗಿನ ವರ್ಕ್‌ಶಾಪಿನಲ್ಲಿ ತೂತು ಹಾಕಿಸುವವರು ಇದನ್ನೊಮ್ಮೆ ಓದಿ.

ಒಂದು ವರ್ಕ್‌ಶಾಪಿಗೆ ನಾನು ಕೊಟ್ಟದ್ದು 304 ದರ್ಜೆಯ ಸ್ಟೇನ್‌ಲೆಸ್ ಪ್ಲೇಟುಗಳು, ಹಾಕಬೇಕಿದ್ದದ್ದು 10 ಮಿ.ಮೀ. ತೂತು. ಬಿಟ್‌ಗಳೂ, ಅಂದರೆ ಡ್ರಿಲ್ ಮೆಷಿನ್ನಿಗೆ ಹಾಕುವ ಕೊರೆಯುವ ಕಡ್ಡಿಗಳೂ, ನನ್ನವೇ. ಎಂ35, ಅಂದರೆ ಸುಮಾರು 5% ಕೋಬಾಲ್ಟ್ ಇರುವ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್). ವಾಪಸ್ ಬಂದಾಗ ಬಿಟ್‌ಗಳ ಮೊನೆ ನೀಲಿಗಟ್ಟಿತ್ತು, ತೂತುಗಳು ಅರ್ಧಕ್ಕೇ ನಿಂತಿದ್ದವು. ಮೇಲಿಂದ ‘ನಿಮ್ಮ ಬಿಟ್ ಡೂಪ್ಲಿಕೇಟ್ ಸಾರ್’ ಅನ್ನೋ ಮಾತು ಬೇರೆ.

ಹೋಗಿ ನೋಡಿದರೆ ಮೆಷಿನ್ 900 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 900 ಸುತ್ತು ತಿರುಗುತ್ತಿದೆ. ಅದು ಮೈಲ್ಡ್ ಸ್ಟೀಲಿನ, ಅಂದರೆ ಮಾಮೂಲಿ ಮೆತ್ತನೆ ಉಕ್ಕಿನ ಸ್ಪೀಡು. 10 ಮಿ.ಮೀ. ಬಿಟ್ಟಿನ ಹೊರ ಅಂಚು ಆಗ ನಿಮಿಷಕ್ಕೆ 28 ಮೀಟರ್ ಓಡುತ್ತದೆ. ಸ್ಟೇನ್‌ಲೆಸ್‌ನಲ್ಲಿ ಇಂಥ ಬಿಟ್‌ಗೆ 10ರಿಂದ 15 ಮೀಟರ್ ಸಾಕು, ಅಂದರೆ ಹೆಚ್ಚುಕಡಿಮೆ 320ರಿಂದ 480 ಆರ್‌ಪಿಎಂ. ಸ್ಪೀಡ್ ಇಳಿಸಲು ಪುಲ್ಲಿಯ ಮೇಲೆ ಬೆಲ್ಟ್ ಜಾಗ ಬದಲಾಯಿಸೋಕೆ ಸೋಮಾರಿತನ, ಅಷ್ಟೇ.

ಬಿಸಿ ತಣಿಸುವ ದ್ರವ, ಅಂದರೆ ಕೂಲಂಟ್ ಕೂಡ ಇರಲಿಲ್ಲ. ಸ್ಟೇನ್‌ಲೆಸ್ ಶಾಖವನ್ನು ಬೇಗ ಸಾಗಿಸುವುದಿಲ್ಲ, ಬಿಸಿಯೆಲ್ಲ ಬಿಟ್ಟಿನ ಅಂಚಿನಲ್ಲೇ ಉಳಿಯುತ್ತದೆ. ಸುಮಾರು 600 ಡಿಗ್ರಿ ಸೆಲ್ಸಿಯಸ್ ದಾಟಿದರೆ ಎಚ್‌ಎಸ್‌ಎಸ್ ಮೆತ್ತಗಾಗುತ್ತದೆ. ಆಮೇಲೆ ಅದು ಕೊರೆಯುವುದಿಲ್ಲ, ಸುಮ್ನೆ ಉಜ್ಜುತ್ತದೆ. ಉಜ್ಜಿದಷ್ಟೂ ಸ್ಟೇನ್‌ಲೆಸ್ ಇನ್ನೂ ಗಟ್ಟಿಯಾಗುತ್ತದೆ! ಬಿಟ್ ಮುರಿದೀತು ಅಂತ ಮೆಲ್ಲಗೆ ಒತ್ತಿದ್ದರಂತೆ. ಈ ಲೋಹದಲ್ಲಿ ಅದೇ ತಪ್ಪು. ಸ್ಪೀಡ್ ಕಡಿಮೆ ಇರಲಿ, ಒತ್ತಡ ಬಿಡದೆ ಇರಲಿ, ಲೋಹದ ಸುರುಳಿ ಚೂರು ಬರ್ತಾ ಇರಲಿ. ಆ ಚೂರು ಬರೋದು ನಿಂತು ಕಿರ್ರ್ ಅಂದರೆ ಆ ಕ್ಷಣವೇ ಬಿಟ್ ಮೇಲೆತ್ತಬೇಕು.

ಇನ್ನೊಂದು ವಿಷಯಕ್ಕೆ ನನಗೆ ಜಾಸ್ತಿ ಸಿಟ್ಟು ಬಂತು. ಸುಟ್ಟ ಬಿಟ್‌ಗಳನ್ನು ಕಣ್ಣಂದಾಜಿನಲ್ಲೇ ಗ್ರೈಂಡರ್‌ಗೆ ಹಿಡಿದಿದ್ದರು. 135 ಡಿಗ್ರಿಯ ಮೊನೆ ಏನೇನೋ ಆಗಿತ್ತು, ಎರಡು ಅಂಚುಗಳ ಉದ್ದವೂ ಬೇರೆ ಬೇರೆ. ಹಾಗಾದರೆ ಒಂದೇ ಅಂಚಿನ ಮೇಲೆ ಹೊರೆ ಬಿದ್ದು ಬೇಗ ಸವೆಯುತ್ತದೆ, ತೂತೂ ಅಳತೆಗಿಂತ ದೊಡ್ಡದಾಗುತ್ತದೆ. ಹೊಸ ಬಿಟ್ ಬೇಗ ಹಾಳಾಯ್ತು ಅಂತ ಬೈಯುವ ಮೊದಲು ಬಿಟ್ ಹಿಡಿಯುವ ಚಕ್ಕಿನಲ್ಲಿ ಅದು ಓಲಾಡುತ್ತಿದೆಯಾ ಅಂತಾದರೂ ನೋಡಬೇಕಲ್ವಾ?

ಕೆಲಸ ಕೊಡುವ ಮೊದಲು ಯಾವ ಆರ್‌ಪಿಎಂ, ಯಾವ ಕೂಲಂಟ್ ಅಂತ ಕೇಳಿ. ‘ಎಲ್ಲದಕ್ಕೂ ಒಂದೇ’ ಅಂದರೆ ಪ್ಲೇಟ್ ಎತ್ತಿಕೊಂಡು ಬನ್ನಿ. ಮೊದಲ ತೂತು ಎದುರಿಗೇ ಹಾಕಿಸಿ.

ಈಗಾಗಲೇ ಗಟ್ಟಿಯಾದ ತೂತಿದ್ದರೆ ಅದೇ ಬಿಟ್ಟಿನಿಂದ ಮತ್ತೆ ಒತ್ತಬೇಡಿ. ನನ್ನ ಪ್ಲೇಟುಗಳನ್ನು ಬೇರೊಂದು ವರ್ಕ್‌ಶಾಪಿನವರು ತಿರುಗಿಸಿ ಹಿಡಿದು, ಹಿಂಬದಿಯಿಂದ ಕಾರ್ಬೈಡ್ ಬಿಟ್ ಹಾಕಿ ಮುಗಿಸಿದರು. ಕಾರ್ಬೈಡ್ ಗಟ್ಟಿ, ಆದರೆ ಅಲುಗಾಡಿದರೆ ಪಟ್ ಅಂತ ಮುರಿಯುತ್ತದೆ. ಹ್ಯಾಂಡ್ ಡ್ರಿಲ್‌ನಲ್ಲಿ ಆ ಸಾಹಸ ಬೇಡ, ಕ್ಲ್ಯಾಂಪ್ ಬಿಗಿಯಾಗಿರಲಿ.